ಬೀಗ ಹಾಕಿದ ತೆಂಪೆ ಕೋಣೆ

ನನ್ನ ತಂಗಿ ವಾರ್ಸಿನಿಯ ಗಂಡ ಪರ್ಯೋನೊ ಸೈನ್ಯದಲ್ಲಿ ಸಾರ್ಜೆಂಟ್. ಆದರೆ ನಮ್ಮ ಊರು ಸಲಾತಿಗಾದಲ್ಲಿ ತೆಂಪೆ ಪರ್ಯೋನೊ ಅಂದರೇನೇ ಜನಕ್ಕೆ ಗೊತ್ತಾಗುವುದು. ಸಂಜೆ ಪಟಾಲಮ್ಮಿನಿಂದ ಬಂದವನೇ ಬೇಯಿಸಿದ ಸೋಯಾ ಕಾಳು ಗೆರಸಿಯಲ್ಲಿ ಹರಡಿ, ಅಂಗೈ ಹಿಂಭಾಗ ಇಟ್ಟು ಬಿಸಿ ನೋಡಿ, ಹೆಪ್ಪು ಕಲಸಿ ಬಾಳೆ ಎಲೆಯಲ್ಲಿ ಕಟ್ಟಿಡುತ್ತಾನೆ. ಎರಡು ದಿನಕ್ಕೆ ಕಾಳಿಗೆಲ್ಲ ಬಿಳಿ ಬೂಷ್ಟು ಹಿಡಿದು ಗಟ್ಟಿಯಾದರೆ ತೆಂಪೆ ಆಯಿತು. ಮಾರುವುದು ತಂಗಿ, ಪಿಕಪ್ ಗಾಡಿಯಲ್ಲಿ ಮಾರುಕಟ್ಟೆಗೆ ಸಾಗಿಸುವುದು ನಾನು.

ತೆಂಪೆ ಕೋಣೆಯೊಳಗೆ ಮಾತ್ರ ನನ್ನನ್ನು ಬಿಡುವುದಿಲ್ಲ. ಸಿಟ್ಟಿನವರು ಕಾಲಿಟ್ಟರೆ ತೆಂಪೆ ಕೆಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ಅದನ್ನು ನಂಬುವವರನ್ನು ಕಂಡರೇ ನನಗೆ ಸಿಟ್ಟು.

ಲೆಬನಾನಿಗೆ ಹೋಗುವ ಶಾಂತಿಪಡೆಯಲ್ಲಿ ಪರ್ಯೋನೊ ಹೆಸರು ಬಂತು. ಒಂದು ವರ್ಷ ಅಲ್ಲೇ. ಅವತ್ತಿನಿಂದ ಅವನು ಕೂತಲ್ಲಿ ಕೂರಲಿಲ್ಲ. ಸೂರಿನ ಹೆಂಚು ಬದಲಿಸಿದ, ತನ್ನ ಅಮ್ಮನ ಮಾತ್ರೆಗೆ ಡಬ್ಬಿ ತಂದ, ಗ್ಯಾಸ್ ಪೈಪು ಹೊಸದು ಹಾಕಿ ಮತ್ತೆ ಮತ್ತೆ ಮೂಸಿ ನೋಡಿದ. ಉಳಿದದ್ದು ವ್ಯಾಪಾರ. ಪಕ್ಕದ ಬೀದಿಯಲ್ಲಿ ತೆಂಪೆ ಮಾಡುವ ಜುಮಾದಿ, ಮಾರುಕಟ್ಟೆಯಲ್ಲಿ ತಂಗಿ ಕೂರುವ ಜಾಗ ಒಂದು ವರ್ಷ ತನಗೆ ಬಿಡು ಅಂತ ಕೇಳಿದ್ದ. ಒಮ್ಮೆ ಇನ್ನೊಬ್ಬರ ಕೈರುಚಿಗೆ ಬಿದ್ದ ಗಿರಾಕಿ ವಾಪಸ್ಸು ಬರುವುದಿಲ್ಲ. ಅದು ತಂಗಿಗೆ ಚೆನ್ನಾಗಿ ಗೊತ್ತಿತ್ತು.

"ಒಂದ್ಸಲ ಪೂರ್ತಿ ನೀನೇ ಮಾಡು ವಾರ್ಸಿ. ಸರಿ ಬಂದ್ರೆ ಜಾಗ ನಮ್ದು. ಇಲ್ಲಾಂದ್ರೆ ಜುಮಾದಿಗೆ ಹೂಂ ಅಂದ್ಬಿಡ್ತೀನಿ," ಅಂದ.

"ಮಾಡ್ತೀನಿ ಮಾಸ್. ನೀವು ದೂರ ನಿಂತ್ಕೊಳ್ಳಿ ಸಾಕು." ಗಂಡನನ್ನು ಅವಳು ಮಾಸ್ ಅಂತಲೇ ಕರೆಯುವುದು.

ಮಾಡಿದಳು. ಅವನು ಬಾಗಿಲಲ್ಲೇ ನಿಂತು ಹೆಪ್ಪು ಜಾಸ್ತಿ, ಕಟ್ಟು ಸಡಿಲ ಅನ್ನುತ್ತಲೇ ಇದ್ದ. ಬಿಚ್ಚುವ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹಿತ್ತಲವರೆಗೂ ಕೆಟ್ಟ ವಾಸನೆ. ಎಲೆ ಬಿಚ್ಚಿದರೆ ಒಳಗೆ ಕಪ್ಪು, ಕೈಗೆ ಅಂಟು.

ಪರ್ಯೋನೊ ಅಮ್ಮ ಕಾತೆಮಿ ನೆಟ್ಟಗೆ ನನ್ನ ಕಡೆ ತಿರುಗಿದಳು. "ಮಾರ್ತೊ, ನಿಜ ಹೇಳು. ಒಳಗೆ ಹೋಗಿದ್ಯಾ?"

"ಹೋಗಿದ್ರೆ ತೆಂಪೆ ಸುಟ್ಟು ಇದ್ದಲಾಗಿರ್ತಿತ್ತು, ಬರೀ ಕಪ್ಪಾಗ್ತಿರ್ಲಿಲ್ಲ," ಅಂದೆ.

ವಾರ್ಸಿನಿ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಒಂದು ಎಲೆಯನ್ನು ಬೆಳಕಿಗೆ ಹಿಡಿದು ಏನನ್ನೋ ಕಿತ್ತಳು. ಹಸಿರು ಉಣ್ಣೆಯ ಎಳೆ. ಇನ್ನೊಂದು ಕಟ್ಟಿನ ಮೇಲೂ ಅದೇ.

"ಮಾಸ್, ಇದು ನಿಮ್ಮ ಪಟಾಲಮ್ಮಿನ ಕಂಬಳೀದಲ್ವಾ?"

ಪರ್ಯೋನೊ ತನ್ನ ಕಾಲು ನೋಡಿಕೊಂಡ. "ಬೆಟ್ಟದ ಗಾಳಿ ಬೀಸ್ತಿತ್ತು. ಚಳಿ ಆಗುತ್ತೇನೋ ಅಂತ ಹೊದಿಸ್ದೆ. ಬೆಳಗಾಗೋ ಮುಂಚೆ ತೆಗೆದ್ನಲ್ಲ."

ತೆಂಪೆ ತಾನೇ ಬಿಸಿಯಾಗುತ್ತದೆ, ಗಾಳಿ ಆಡದಿದ್ದರೆ ಉಸಿರುಕಟ್ಟಿ ಕೊಳೆಯುತ್ತದೆ. ಇದನ್ನು ಅವಳಿಗೆ ಕಲಿಸಿದವನೇ ಅವನು. ನನಗೆ ಮೈ ಉರಿದುಹೋಯಿತು. ಆದರೆ ತಂಗಿ ಬೈಯಲಿಲ್ಲ. ಕಪ್ಪಾದದ್ದನ್ನೆಲ್ಲ ಕೋಳಿಗಳಿಗೆ ಸುರಿದು, ಮತ್ತೆ ಕಾಳು ನೆನೆಹಾಕಿದಳು. ಮಾರನೆಯ ದಿನ ಬೇಯಿಸಿ ಹೆಪ್ಪು ಕಲಸಿ ಕಟ್ಟಿಟ್ಟು, ಕೋಣೆಗೆ ಬೀಗ ಜಡಿದು ಕೀಲಿ ನನ್ನ ಕೈಗೆ ಕೊಟ್ಟಳು.

"ಕಾಂಗ್, ನೀನಿರು ಇಲ್ಲಿ. ಒಳಗೆ ಹೋಗ್ಬೇಡ, ಯಾರ್ನೂ ಬಿಡ್ಬೇಡ." ಕಾಂಗ್ ಅಂದರೆ ನಮ್ಮಲ್ಲಿ ಅಣ್ಣ, ಪರ್ಯೋನೊ ಕೂಡ ನನ್ನನ್ನು ಹಾಗೇ ಕರೆಯುತ್ತಾನೆ.

ಅದನ್ನು ಬಿಚ್ಚುವ ದಿನವೇ ಪರ್ಯೋನೊ ಪ್ರಯಾಣ. ಅಲ್ಲಿಯವರೆಗೂ ಅವನು ಬೂಟು ಉಜ್ಜಿದ, ಉಜ್ಜಿದ್ದನ್ನೇ ಉಜ್ಜಿದ. ಪ್ರತಿ ಸಲವೂ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದ.

"ಕಾಂಗ್, ಒಂದೇ ಒಂದ್ಸಲ ಕೈ ಇಟ್ಟು ನೋಡ್ತೀನಿ."

"ಲೆಬನಾನಿಗೆ ಹೋಗಿ ಫಿರಂಗಿಗೆ ಕೈ ಇಟ್ಟು ನೋಡು ಹೋಗಯ್ಯ. ಕೀಲಿ ಕೊಡಲ್ಲ."

"ಕೆಟ್ಟಿದ್ರೆ?"

ನಾನು ಕೀಲಿ ಜೇಬಿಗೆ ಹಾಕಿಕೊಂಡೆ. ಬಾಗಿಲ ಸಂದಿಗೆ ಮೂಗಿಟ್ಟು ನಾನೂ ಮೂಸಿದ್ದೆ, ಏನೂ ತಿಳಿದಿರಲಿಲ್ಲ.

ಹೊರಡುವ ಬೆಳಿಗ್ಗೆ ಅವನು ಅಮ್ಮನ ಮೊಣಕಾಲಿಗೆ ಹಣೆ ಹಚ್ಚಿ ಆಶೀರ್ವಾದ ಬೇಡಿದ. ಅವಳ ಕಾಲು ತೊಳೆದ ನೀರು ಕುಡಿದ. ವಾರ್ಸಿನಿ ನನ್ನಿಂದ ಕೀಲಿ ಈಸಿಕೊಂಡು, "ನೀವು ನಡೀರಿ, ನಾನು ಬರ್ತೀನಿ," ಅಂದಳು.

ಪಟಾಲಮ್ಮಿನ ಮೈದಾನದಲ್ಲಿ ಬಸ್ಸುಗಳ ಇಂಜಿನ್ ಶುರುವಾಗಿತ್ತು. ಉಳಿದವರ ಹೆಂಡಿರೆಲ್ಲ ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು ಬಂದಿದ್ದರು. ಪರ್ಯೋನೊ ಕಣ್ಣು ಗೇಟಿನ ಮೇಲೆಯೇ. "ಬರ್ಲಿಲ್ಲ ಅಂದ್ರೆ ಕೆಟ್ಟಿದೆ ಅಂತಲೇ ಕಾಂಗ್," ಅಂದ. ನಾನು ಬಾಯಿ ಮುಚ್ಚು ಅಂದೆ.

ಅವಳು ಬಂದಳು. ಮಾರುಕಟ್ಟೆಗೆ ಹೊರಟ ಬಟ್ಟೆಯಲ್ಲೇ, ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು, ಏದುಸಿರು ಬಿಡುತ್ತ. ಬುಟ್ಟಿಯಿಂದ ಒಂದು ಕಟ್ಟು ತೆಗೆದು ಅವನ ಕೈಗಿಟ್ಟಳು. ಬಿಚ್ಚಿದ. ಹತ್ತಿಯ ಹಾಗೆ ಬಿಳಿ. ಅಂಗೈ ಹಿಂಭಾಗ ಇಟ್ಟು ನೋಡಿದ.

"ಇನ್ನೂ ಬೆಚ್ಚಗಿದೆ," ಅಂದ. ಆಮೇಲೆ, "ಈ ಮೂಲೆ ಒಂಚೂರು..."

"ಬಸ್ಸು ಹತ್ತಿ ಮಾಸ್. ನನ್ನ ಗಿರಾಕಿ ಕಾಯ್ತಿದಾರೆ."

ಅವನು ಹತ್ತಿದ. ಬಸ್ಸು ಚಲಿಸಿದಾಗ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಕೂಗಿದ, "ಕಾಂಗ್, ಜುಮಾದಿಗೆ ಇಲ್ಲ ಅಂತ ಹೇಳ್ಬಿಡಿ. ಮೆತ್ತಗೆ ಹೇಳಿ."

ವಾರ್ಸಿನಿ ಅದನ್ನು ಕೇಳಿಸಿಕೊಂಡೇ ಪಿಕಪ್ಪಿನ ಕಡೆ ನಡೆದಿದ್ದಳು. ದಾರಿಯಲ್ಲಿ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು, ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ಗಾಳಿ ಆಡಲು ಬಿಟ್ಟಳು.