ಯಾರ ಮುಷ್ಟಿ

ಕಾಲೇಜಿನ ಪ್ರಯೋಗಶಾಲೆಯಲ್ಲಿ ದೊಡ್ಡಪತ್ರೆಯ ಎಲೆಗಳಿಗೆ ಉಗಿ ಹಾಯಿಸಿ ಎಣ್ಣೆ ಇಳಿಸುತ್ತಿದ್ದಾಗ ಅಜವಾನದಂಥ ಆ ಖಾರದ ವಾಸನೆ ಮೂಗಿಗೆ ಬಂತು. ನಮ್ಮೂರು ಸನಮಡಿಯ ಹಿತ್ತಿಲು, ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ ಆಯಿ, ನನ್ನ ತಂದೆಯ ತಾಯಿ, ಎಲ್ಲ ಒಮ್ಮೆಲೇ ಎದುರು ನಿಂತವು. ನಿಮ್ಮ ಮನೆಯಲ್ಲೂ ಅಂಥದೊಂದು ಪಾತ್ರೆ ಇದ್ದಿರಬಹುದು. ತುಳಸಿ, ಕಾಮಕಸ್ತೂರಿ, ಪುದೀನ, ದೊಡ್ಡಪತ್ರೆ ಒಂದೇ ಬಳಗ ಎಂದು ನನಗೆ ಮೊದಲು ಹೇಳಿದ್ದು ಪುಸ್ತಕವಲ್ಲ, ಎಳೆಯ ದಂಟನ್ನು ನನ್ನ ಬೆರಳಲ್ಲಿ ಹೊರಳಿಸಿ ಆ ಬಳಗದ ದಂಟಿಗೆಲ್ಲ ಇರುವ ನಾಲ್ಕು ಮೂಲೆ ಮುಟ್ಟಿಸಿದ ಆಯಿ. ಕುದಿಯುವಾಗ ಮುಚ್ಚಳ ತೆಗೆದರೆ, ಔಷಧವೆಲ್ಲ ವಾಸನೆಯಾಗಿ ಹೋಯಿತೆಂದು ಬೈಯುತ್ತಿದ್ದಳು. ಈಗ ಗಾಜಿನ ನಳಿಗೆಯಲ್ಲಿ, ನೀರಿನ ಮೇಲೆ ತೇಲುವ ತೆಳು ಹಳದಿ ಎಣ್ಣೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಎಂಬ ಘಾಟಿನ ಔಷಧಾಂಶಗಳಿವೆ ಎನ್ನುತ್ತಾರೆ. ಆಯಿ ಮುಚ್ಚಳದಡಿ ಹಿಡಿದಿಡುತ್ತಿದ್ದುದು ಅವನ್ನೇ.

ಹನ್ನೊಂದನೇ ವಯಸ್ಸಿಗೇ ನನಗೆ ಎಲ್ಲ ಬರೆದಿಡುವ ಚಟ. ಕೆಮ್ಮೆಂದು ಯಾರು ಬಂದರು, ಯಾವ ತಾರೀಖು, ಯಾವ ಎಲೆ ಎಂದು ವಹಿಯಲ್ಲಿ ಸಾಲು ಸಾಲಾಗಿ ದಾಖಲಿಸುತ್ತಿದ್ದೆ. ಅಳತೆ ಮಾತ್ರ ಎಲ್ಲರಿಗೂ ‘ಒಂದು ಮುಷ್ಟಿ’. ಕೆಮ್ಮುವವರ ಕೈಯಿಂದಲೇ ಆಯಿ ಎಲೆ ಹಿಡಿಸುತ್ತಿದ್ದುದನ್ನು ಮಕ್ಕಳನ್ನು ನಗಿಸುವ ಆಟವೆಂದುಕೊಂಡಿದ್ದೆ. ಒಂದು ದಿನ ಅವಳು ಹೊಲಕ್ಕೆ ಹೋದಾಗ, ಕೆಮ್ಮುತ್ತಿದ್ದ ಕಾಕಾನ ಮಗ, ನಾಲ್ಕು ವರ್ಷದ ಬಸುವಿಗೆ ನನ್ನ ಮುಷ್ಟಿಯಷ್ಟು ಎಲೆ ಕುದಿಸಿ ಕುಡಿಸಿದೆ. ಗಂಟಲು ಉರಿದು ಅವನು ಎಲ್ಲ ಕಾರಿಕೊಂಡ. ಆಯಿ ಬಂದವಳೇ ನನ್ನ ವಹಿ ಕಸಿದಳು.

“ಅವನ ಹೊಟ್ಟಿ ಸಣ್ಣದೈತಿ, ಅದಕ್ಕ ಅವನ ಕೈಲೇ ಹಿಡಸೂದು. ಇಷ್ಟೆಲ್ಲಾ ಬರದೀಯಲ್ಲವಾ ಶಾಣ್ಯಾಕಿ, ಯಾರ ಕೈ ಅಂತ ಬರದೀ ಏನ?”

ಬರೆದಿರಲಿಲ್ಲ. ಮುನಿಸಿಕೊಂಡು, ಅವಳು ಮರಳಿ ಕೊಟ್ಟ ವಹಿಯನ್ನೇ ಕಟ್ಟಿಟ್ಟೆ. ಈಗ ಆಯಿ ಇಲ್ಲ, ಹಿತ್ತಿಲಿದ್ದಲ್ಲಿ ಡಾಂಬರು ರಸ್ತೆ. ನನ್ನ ಬಳಿ ನೂರ ಹದಿನೇಳು ಸಾಲುಗಳಿವೆ, ಯಾವುದಕ್ಕೂ ಕೈ ಇಲ್ಲ.

ಕಳೆದ ರವಿವಾರ, ಒಂದು ಮುಷ್ಟಿ ಎಲೆ ಎಷ್ಟೆಂದು ತೂಗಲು ಸಣ್ಣ ತಕ್ಕಡಿ ಹಿಡಿದು ಸನಮಡಿಗೆ ಹೋದೆ. ರಸ್ತೆ ಮಾಡುವಾಗ ಆಯಿಯ ಗಿಡದ ಒಂದು ದಂಟು ಮುರಿದು ಬಸು ಎಣ್ಣೆ ಡಬ್ಬಿಯಲ್ಲಿ ನೆಟ್ಟಿದ್ದ, ಅದು ಹಬ್ಬಿತ್ತು. ನನಗಿಂತ ಎತ್ತರ ಬೆಳೆದ ಅವನು ಕೈ ಹಿಂದೆ ಕಟ್ಟಿಕೊಂಡು, “ಅಕ್ಕಾ, ನನ್ನ ಮುಷ್ಟಿ ತೂಗಬ್ಯಾಡ, ಗಿಡಾನ ಬೋಳ ಆಕ್ಕೈತಿ” ಎಂದ. ನಿಜ, ಅವನ ಆ ಪುಟ್ಟ ಕೈ ಇನ್ನೆಲ್ಲೂ ಸಿಗುವುದಿಲ್ಲ. ಪಕ್ಕದ ಮನೆಯ ಗೌರಿಗೆ ಈಗ ನಾಲ್ಕು ವರ್ಷ. ಅವಳಿಂದ ಐದು ಸಲ ಎಲೆ ಹಿಡಿಸಿ ಐದು ಸಲ ತೂಗಿದೆ. ಹಳೆಯ ವಹಿಯಲ್ಲೇ ತಾರೀಖು ಹಾಕಿ, ಹೊಸ ಕಾಲಂ ಎಳೆದು ಬರೆದೆ: ಗೌರಿಯ ಕೈ. ಓಣಿಯ ಉಳಿದ ಮಕ್ಕಳ ಕೈಗಳೂ ಆ ಪುಟಕ್ಕೆ ಬರಬೇಕು, ತರುತ್ತೇನೆ. ಮೇಲಿನ ನೂರ ಹದಿನೇಳು ಸಾಲುಗಳ ಎದುರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ.