ಏಳನೆಯ ಅಕ್ಕಡಿ

ಮೇ ಇಪ್ಪತ್ತು, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಹಮ್ಮಿಗಿಯ ನಮ್ಮ ಎರೆ ಹೊಲ. ಇದ್ದವರು ನಾಲ್ವರು: ನಾನು, ನನ್ನ ತಮ್ಮ, ಈಗ ಆ ಹೊಲ ಮಾಡುತ್ತಿರುವ ತಮ್ಮನ ಮಗಳು, ಜೆಸಿಬಿ ಚಾಲಕ.

ಕೃಷಿಹೊಂಡಕ್ಕೆ ಸುಣ್ಣದ ಗೆರೆ ಎಳೆದಾಗಿತ್ತು. ನಾನು ಅದನ್ನು ಒಂದು ಸುತ್ತು ಹಾಕಿದೆ. ಮನಸ್ಸು ನಿಲ್ಲಲಿಲ್ಲ, ಇನ್ನೊಂದು ಸುತ್ತು ಹಾಕಿದೆ. ಗೆರೆ ಹಾಳುಬಾವಿಯ ನೇರಕ್ಕೇ ಬಂದಿತ್ತು.

"ಆಯಿ ಎಲ್ಲಿ ಅದಾಳೋ?" ಎಂದು ತಮ್ಮನನ್ನು ಕೇಳಿದೆ.

ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಆಕೆಗೆ ಮಣ್ಣು ಕೊಟ್ಟಿದ್ದು ಇದೇ ಹೊಲದಲ್ಲಿ. ಮೇಲೆ ಕಟ್ಟೆಯಿಲ್ಲ, ಕಲ್ಲಿಲ್ಲ. ಅದು ಆಕೆಯದೇ ಅಪ್ಪಣೆ. "ಕಟ್ಟಿ ಕಟ್ಟಿದ್ರ ಎತ್ತು ಬಳಸಿ ಹೋಗಬೇಕಾಕ್ಕತಿ. ನನ್ನ ಮ್ಯಾಲೇ ಕೂರಗಿ ಹೊಡೀರಿ" ಎಂದಿದ್ದಳಂತೆ.

"ಅಲ್ಲೇ, ಬದುವಿನ ಬಾಜೂಕ. ಏಳನೇ ಸಾಲಿಗೆ ಅಂತ ಅಪ್ಪ ಹೇಳ್ತಿದ್ದಿಲ್ಲ?" ಎಂದ ತಮ್ಮ. "ಹೊಂಡ ಭಾಳ ಈಚಿಗೆ ಐತಿ. ಸುಮ್ನ ಕುಂಡ್ರು, ಅಕ್ಕಾ."

"ಏಳನೇ ಸಾಲಲ್ಲೋ. ಏಳನೇ ಅಕ್ಕಡಿ."

ಅವನ ಮಗಳು ನಮ್ಮಿಬ್ಬರ ಮುಖ ನೋಡಿದಳು. ಟ್ರ್ಯಾಕ್ಟರಿನಲ್ಲಿ ಬಿತ್ತುವವಳಿಗೆ ಆ ಮಾತು ಹೊಸದು. ಜೋಳ ಬಿತ್ತುವಾಗ ನಡುನಡುವೆ ತೊಗರಿಯದೊಂದು ಸಾಲು ಬಿಡುತ್ತಿದ್ದರು, ಅದು ಅಕ್ಕಡಿ. ಬೀಜ ಬಿತ್ತುವ ಕೂರಿಗೆ ಒಮ್ಮೆ ಹೋಗಿ ಒಮ್ಮೆ ಬಂದರೆ ಒಂದು ಅಕ್ಕಡಿ ಎಂಬುದು ಆಯಿಯ ಪದ್ಧತಿ.

ಆಕೆ ಎಲ್ಲವನ್ನೂ ಅದರಲ್ಲೇ ಅಳೆಯುತ್ತಿದ್ದಳು. ಮೂರು ಅಕ್ಕಡಿ ಆದ ಮೇಲೆ ರೊಟ್ಟಿ ಬುತ್ತಿ ಬಿಚ್ಚುವುದು. ನಾನು ತಡವಾಗಿ ಎದ್ದರೆ "ಎರಡು ಅಕ್ಕಡಿ ಹೊತ್ತಾತು, ರಾಣಿಗೆ ಈಗ ಬೆಳಗಾತು" ಎನ್ನುವಳು. ಹೆಂಗಸರು ಬೀಜ ಬಿಡಬೇಕು, ಕೂರಿಗೆ ಹಿಡಿಯಬಾರದು ಎಂಬ ರೂಢಿ ಇತ್ತು. ಅಜ್ಜ ತೀರಿಹೋದ ವರ್ಷ ಮಳೆಯ ಹದ ಆರುತ್ತಿತ್ತು, ಆಳು ಬರಲಿಲ್ಲ. ಆಯಿ ಕೂರಿಗೆ ಹಿಡಿದಳು, ಬೀಜ ಬಿಡಲು ಸೊಸೆಯನ್ನು ಕರೆದಳು. ಬದುವಿನ ಮೇಲೆ ನಿಂತು ನಕ್ಕವರಿಗೆ, "ಹಲ್ಲು ಒಣಗ್ಯಾವು, ಮುಚ್ಚಿಕೊಳ್ರಿ" ಎಂದಳಂತೆ. ಆಮೇಲೆ ಸಾಯುವ ಹಿಂದಿನ ವರ್ಷದವರೆಗೂ ಬಿಡಲಿಲ್ಲ. ಒಂಬತ್ತು ವರ್ಷದವಳಾಗಿ ನಾನು ಉಡಿಯಲ್ಲಿ ತೊಗರಿ ಕಟ್ಟಿಕೊಂಡು ಅವಳ ಹಿಂದೆ ನಡೆದಿದ್ದೇನೆ. ಕಾಳು ಒತ್ತಾಗಿ ಬಿದ್ದರೆ ಹಿಂದೆ ತಿರುಗದೆಯೇ ಬೈಯುವಳು. ಅವಳಿಗೆ ಅದು ಹೇಗೆ ತಿಳಿಯುತ್ತಿತ್ತೋ.

ಆಕೆ ತೀರಿದಾಗ ನಾನು ಗದಗಿನ ಬೋರ್ಡಿಂಗಿನಲ್ಲಿದ್ದೆ. ಪರೀಕ್ಷೆ ಮುಗಿಸಿಯೇ ಬರಲಿ ಎಂದು ನನಗೆ ಖಬರು ತಡವಾಗಿ ಕೊಟ್ಟರು. ಬರುವಷ್ಟರಲ್ಲಿ ಹೊಲ ಹರಗಿ ಸಮ ಮಾಡಿದ್ದರು. ಎಲ್ಲರೂ ಹಾಕಿದ ಹಿಡಿಮಣ್ಣು ನಾನೊಬ್ಬಳು ಹಾಕಲಿಲ್ಲ. ಎಲ್ಲಿ ಎಂದು ಕೇಳಿದಾಗ ಅಪ್ಪ ಕೈ ಚಾಚಿ, "ಬಾವಿಯ ನೇರಕ್ಕ, ಏಳನೇ ಅಕ್ಕಡಿ" ಎಂದಿದ್ದ. ನನ್ನ ಬಳಿ ಇದ್ದದ್ದು ಅದೊಂದೇ ಮಾತು.

"ಅಜ್ಜಿ, ಮಧ್ಯಾಹ್ನಕ್ಕ ನಾ ಕೊರ್ಲಹಳ್ಳಿಗೆ ಹೋಗಬೇಕ್ರಿ," ಎಂದ ಚಾಲಕ, ನನ್ನ ಕಡೆ ತಿರುಗಿ. "ಹದಿನೈದು ದಿನದಿಂದ ಇವರು ಬಾ ಬಾ ಅಂದ್ರು. ಈಗ ಬಂದೀನಿ, ನಿಲ್ಲು ಅಂತೀರಿ."

"ಏಳು ಗಂಟೆಗೆ ಹೇಳ್ತೀನಿ. ಅಲ್ಲಿತನಕ ಚಹಾ ಕುಡಿ."

ತಮ್ಮನ ಮಗಳ ಸ್ಕೂಟಿ ಹತ್ತಿ ಮನೆಗೆ ಹೋದೆವು. ಅಟ್ಟದ ಮೇಲೆ ಹಳೆಯ ಕೂರಿಗೆಯ ದಿಂಡು, ಅದರ ಅಡ್ಡಮರ, ಇತ್ತು. ನೆಲ ಸೀಳುವ ಮೂರು ತಾಳುಗಳಲ್ಲಿ ಒಂದು ಮುರಿದಿತ್ತು, ಅವು ಕೂರುವ ತೂತುಗಳು ಮಾತ್ರ ನೆಟ್ಟಗಿದ್ದವು; ಅಳತೆಗೆ ಅಷ್ಟು ಸಾಕು. ದಿಂಡನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹಿಂದೆ ಕುಳಿತೆ. ಎದುರು ಬಂದ ಹಾಲಿನವನು ರಸ್ತೆ ಬಿಟ್ಟು ಇಳಿದ.

"ಅತ್ತಿ, ಗಟ್ಟಿ ಹಿಡೀರಿ. ಇಬ್ಬರನ್ನೂ ಬಿತ್ತಿ ಬಿಟ್ಟೇನು."

ಹೊಲದಲ್ಲಿ ಬದುವಿನ ಅಂಚಿಗೆ ದಿಂಡು ಇಟ್ಟು ಅಳೆಯತೊಡಗಿದೆವು. ಹೋಗುವುದೊಂದು ಬರುವುದೊಂದು, ಏಳು ಅಕ್ಕಡಿಗೆ ಹದಿನಾಲ್ಕು ಕೂರಿಗೆ ಅಗಲ. ತಮ್ಮ ದಿಂಡು ಎತ್ತಿ ಇಟ್ಟ, ನಾನು ಎಣಿಸಿದೆ, ಅವನ ಮಗಳು ಕಡ್ಡಿ ಚುಚ್ಚಿದಳು. ಹನ್ನೊಂದಕ್ಕೆ ಸುಣ್ಣದ ಗೆರೆ ದಾಟಿದೆವು. ಹದಿನಾಲ್ಕನೆಯ ಕಡ್ಡಿ ಹೊಂಡದ ಹೆಚ್ಚುಕಡಿಮೆ ನಡುವೆ ನಿಂತಿತು.

ಚಾಲಕ ಚಹಾದ ಲೋಟ ಕೆಳಗಿಟ್ಟು, ಯಾರೂ ಹೇಳದೆಯೇ ಯಂತ್ರವನ್ನು ಹಿಂದಕ್ಕೆ ತೆಗೆದುಕೊಂಡ.

"ಹತ್ತು ಹೆಜ್ಜಿ ಸರಿಸಿದ್ರ ಆತು," ಎಂದ ತಮ್ಮ. ಆಮೇಲೆ ನೆಲ ನೋಡುತ್ತ, "ಆದ್ರ ಅಕ್ಕಾ, ಒಂದು ಮಾತು. ಅಪ್ಪ ಬದುವನ್ನ ವರ್ಷಾ ವರ್ಷ ಒಂದೀಟು ಒತ್ತಿ ಹೊಡೀತಿದ್ದ."

"ಎಷ್ಟು?"

"ಯಾರು ಅಳದಾರ?"

ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬಾವಿಯವರೆಗೆ ಹೋದೆ, ಬಂದೆ. ಬದುವೇ ಸರಿದಿದ್ದರೆ ಹದಿನಾಲ್ಕೂ ಸರಿದಂತೆ. ಹತ್ತು ಹೆಜ್ಜೆ ಈಚೆಯೋ ಆಚೆಯೋ, ಯಾವ ಭರವಸೆಯ ಮೇಲೆ ಅಗೆಯಿರಿ ಎನ್ನಲಿ? "ಬಾವಿಯ ನೇರಕ್ಕ ಎಲ್ಲೂ ಬ್ಯಾಡ. ಕೆಳಗಿನ ಮೂಲಿಗೆ ತಗೋರಿ," ಎಂದೆ.

"ಅಲ್ಲಿಂದ ಪೈಪು ಮುಟ್ಟಂಗಿಲ್ಲ ಅತ್ತಿ. ಅದಕ್ಕ ಇಲ್ಲಿ ಹಾಕಿದ್ದು." ಅವಳಿಗೆ ಸಿಟ್ಟು ಬಂದಿತ್ತು. ನ್ಯಾಯವೇ. ವರ್ಷವಿಡೀ ಇಲ್ಲಿ ದುಡಿಯುವವಳು ಅವಳು, ನಾನು ಹಬ್ಬಕ್ಕೆ ಬರುವವಳು. ಅವಳು ಹದಿನಾಲ್ಕನೆಯ ಕಡ್ಡಿಯ ಹತ್ತಿರ ಹೋಗಿ, ನನ್ನಂತೆಯೇ ಸುತ್ತು ಹಾಕತೊಡಗಿದಳು.

"ಎತ್ತು ಬಳಸಿ ಹೋಗಬಾರದು ಅಂದಿದ್ಲು ಅಲ್ಲ? ಹೊಂಡ ಆದ್ರ ಟ್ರ್ಯಾಕ್ಟರೂ ಬಳಸೇ ಹೋಗಬೇಕು," ಎಂದಳು ಕಡೆಗೆ. "ಪೈಪು ನಾ ನೋಡ್ಕೋತೀನಿ. ನಡೀರಿ, ಕೆಳಗ ಗೆರಿ ಹಾಕೂಣು."

ಏಳಕ್ಕೆ ಹೇಳುತ್ತೇನೆ ಎಂದಿದ್ದೆ. ಗೆರೆ ಬೀಳುವಷ್ಟರಲ್ಲಿ ಎಂಟು ದಾಟಿತ್ತು. ಚಾಲಕ ಕೊರ್ಲಹಳ್ಳಿಗೆ ಫೋನ್ ಮಾಡಿ, ನಾಳೆ ಬರುತ್ತೇನೆಂದು ಹೇಳಿ ಬೈಸಿಕೊಂಡ. ಸಂಜೆ ನಾಲ್ಕೂವರೆಗೆ ಕೆಳಗಿನ ಮೂಲೆಯ ಹೊಂಡ ಮುಗಿಯಿತು.

ತಮ್ಮನ ಮಗಳು ಆ ಕಡ್ಡಿಯ ಬಳಿ ನಿಂತು ಫೋನಿನಲ್ಲಿ ಜಾಗದ ಗುರುತು ಹಾಕಿಕೊಂಡಳು. "ಇದು ಟ್ರ್ಯಾಕ್ಟರಿಗೆ ಅಡ್ಡ ಆಗಂಗಿಲ್ಲ," ಎಂದಳು. ಬದು ಎಷ್ಟು ಸರಿದಿದೆಯೋ ಅದು ಫೋನಿಗೂ ಗೊತ್ತಿಲ್ಲ.

ಅವರು ಮನೆಗೆ ಹೊರಟ ಮೇಲೆ ಹಿಡಿಮಣ್ಣು ತೆಗೆದುಕೊಂಡೆ. ಕಡ್ಡಿಯ ಬುಡದಲ್ಲಿ ಸ್ವಲ್ಪ ಹಾಕಿದೆ. ಅಷ್ಟಕ್ಕೆ ನೆಮ್ಮದಿಯಾಗಲಿಲ್ಲ. ಈಚೆ ನಾಲ್ಕು ಹೆಜ್ಜೆ ಬಂದು ಸ್ವಲ್ಪ, ಆಚೆ ನಾಲ್ಕು ಹೆಜ್ಜೆ ಹೋಗಿ ಸ್ವಲ್ಪ ಹಾಕಿದೆ. ಒತ್ತಾಗಿ ಬಿದ್ದರೆ ಬೈಯುತ್ತಾಳೆ ಎಂದು ಬೆರಳು ಸಡಿಲಿಸಿ ಬಿಟ್ಟೆ. ಆಮೇಲೆ ಹದಿನಾಲ್ಕೂ ಕಡ್ಡಿ ಕಿತ್ತು, ಬೆಳಗಿನ ಸುಣ್ಣದ ಗೆರೆಯನ್ನು ಕಾಲಿನಿಂದ ಪೂರ್ತಿ ಅಳಿಸಿದೆ. ಆಗ ಐದು ಗಂಟೆ ಇಪ್ಪತ್ತು ನಿಮಿಷ.