ಜುಂಬೆರ್ ಹಚ್ಚಿದ ಹನ್ನೆರಡು ಕೊಳವೆ

ತ್ಬಿಲಿಸಿ ನಗರದ ಒಣ ಸೇತುವೆಯ ಮೇಲಿನ ಹಳೇ ಸಾಮಾನಿನ ಸಂತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಳೆಯ ಪಿಂಗಾಣಿ ಮಾರುತ್ತಿದ್ದೇನೆ. ಇಲ್ಲಿ ಸತ್ಯ ಹೇಳುವವರು ಇಬ್ಬರೇ ಎಂದು ನನಗೆ ಗೊತ್ತಾದದ್ದು ಕಳೆದ ವಸಂತದಲ್ಲಿ. ಅವರಲ್ಲಿ ನಾನು ಸೇರಿಲ್ಲ ಎಂಬುದೂ ಆಗಲೇ ಗೊತ್ತಾಯಿತು.

ಒಬ್ಬ ಜುಂಬೆರ್. ನನ್ನ ಬಲಕ್ಕೆ ಹಳೇ ಕಂಬಳಿ ಹಾಸಿ ಕೂರುತ್ತಾನೆ. ಬೇಸಿಗೆಯಲ್ಲೂ ಅದೇ ಕಪ್ಪು ಕೋಟು. ಕಂಬಳಿಯ ಮೇಲೆ ಬೆರಳು ಗಾತ್ರದ ಗಾಜಿನ ಕೊಳವೆಗಳು. ಸೋವಿಯತ್ ಕಾಲದ ಯಂತ್ರಗಳಲ್ಲಿ ಅಂಕಿ, ಅಕ್ಷರ ತೋರಿಸುತ್ತಿದ್ದವು ಇವೇ. ಒಂದೊಂದರ ಒಳಗೂ ಹದಿನಾರು ಸಣ್ಣ ಗೆರೆ. ಬೇಕಾದ ಗೆರೆಗಳನ್ನಷ್ಟೇ ಉರಿಸಿದರೆ ಬೇಕಾದ ಅಕ್ಷರ ತಿಳಿಹಸಿರು ಬೆಳಕಿನಲ್ಲಿ ಮೂಡುತ್ತದೆ. ಕೊಳವೆ ಮಾರುವವರು ಇಲ್ಲಿ ಬೇಕಾದಷ್ಟಿದ್ದಾರೆ. ಯಾವ ಗೆರೆ ಯಾವಾಗ ಉರಿಯಬೇಕೆಂದು ಹೇಳುವ ಸರ್ಕ್ಯೂಟು ಕಟ್ಟುವವನು ಮಾತ್ರ ಇವನೊಬ್ಬನೇ. ಕೆಟ್ಟ ರೇಡಿಯೊಗಳ ಕರುಳು ಬಗೆದು ಬಿಡಿಭಾಗ ತೆಗೆಯುತ್ತಾನೆ, ಒಂದೊಂದು ತಂತಿಯನ್ನೂ ಕೈಯಲ್ಲೇ ಬೆಸೆಯುತ್ತಾನೆ. ಬೆಸುಗೆ ಒಂದು ಚೂರು ಸೊಟ್ಟಗಾದರೆ ಕಿತ್ತು ಮತ್ತೆ ಮಾಡುತ್ತಾನೆ.

"ಡಬ್ಬಿಯ ಒಳಗಡೆ ಯಾರು ನೋಡ್ತಾರೆ ಮಾರಾಯ?" ಎಂದು ಒಮ್ಮೆ ಕೇಳಿದ್ದೆ.

"ನಾನು ನೋಡಿದೀನಲ್ಲ," ಎಂದ.

ಅವನದೊಂದು ಹಟವಿತ್ತು. ಗುಜರಿಯಲ್ಲಿ ಕೊಳವೆ ಕೂರಿಸಿದ ಎಂಥ ಹಾಳು ಹಲಗೆ ಸಿಕ್ಕಲಿ, ಕೊಳವೆಗಳನ್ನು ಕೀಳುವ ಮೊದಲು ಎಲ್ಲ ಗೆರೆಗಳನ್ನೂ ಒಟ್ಟಿಗೆ ಉರಿಸಿ ನೋಡಲೇಬೇಕು. ಅದಕ್ಕೆಂದೇ ಒಂದು ಸರ್ಕ್ಯೂಟು ಕಟ್ಟಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದ. "ಮೊದಲು ಹಚ್ಚು, ಆಮೇಲೆ ಬೈ," ಎನ್ನುತ್ತಿದ್ದ. ನಾನು ಮೊದಲೇ ಬೈಯುವವಳು.

ಇನ್ನೊಬ್ಬಳು, ನಾನು ಬೈದವರಲ್ಲಿ ಮೊದಲನೆಯವಳು, ನನುಲಿ ತೊದುವಾ. ಸೇತುವೆಯ ಕೆಳಗಿನ ಬೀದಿಯಲ್ಲಿ ರೊಟ್ಟಿ ಸುಡುತ್ತಾಳೆ, ಮಧ್ಯಾಹ್ನ ಬುಟ್ಟಿ ಹೊತ್ತು ಮೇಲೆ ಬರುತ್ತಾಳೆ. ನೂರು ಕಿಲೋಗೆ ಕಡಿಮೆಯಿಲ್ಲದ ಹೆಂಗಸು. ಹರೆಯದಲ್ಲಿ ನದಿ ದಂಡೆಯ ಈಜುಕೊಳದಲ್ಲಿ ನೂರು ಮೀಟರ್ ದಾಖಲೆ ತನ್ನದೇ ಆಗಿತ್ತು, ಒಂಬತ್ತು ವರ್ಷ ಯಾರೂ ಮುರಿಯಲಿಲ್ಲ ಎನ್ನುತ್ತಿದ್ದಳು. ಬಂದ ಹೊಸದರಲ್ಲಿ ಒಂದು ಸಮಯ ಹೇಳಿದಳು, ಆಮೇಲೆ ಇನ್ನೊಂದು. ಈಚೆಗೆ ಒಂದು ನಿಮಿಷ ಹದಿನೆಂಟು ಸೆಕೆಂಡು.

"ಬಂತಪ್ಪಾ ಮೀನು! ಇವತ್ತು ಎಷ್ಟು ಸೆಕೆಂಡೇ?" ಎಂದು ನಾನು ಕೂಗುತ್ತಿದ್ದೆ. ಸೇತುವೆಗೆ ಸೇತುವೆಯೇ ನಗುತ್ತಿತ್ತು. ನನುಲಿಯೂ ನಗುತ್ತಿದ್ದಳು. ಜುಂಬೆರ್ ಮಾತ್ರ ತಲೆಯೆತ್ತುತ್ತಿರಲಿಲ್ಲ.

ಹೋದ ವರ್ಷ ಪಾಳುಬಿದ್ದ ಆ ಕೊಳವನ್ನು ರಿಪೇರಿಗೆ ತೆಗೆದುಕೊಂಡರು. ಹಳೆಯ ದಾಖಲೆಗಾರರ ಹೆಸರುಗಳನ್ನು ಗೋಡೆಯ ಕಲ್ಲಿನಲ್ಲಿ ಕೆತ್ತಿಸುತ್ತಾರೆಂದು ಸುದ್ದಿ ಬಂತು. ನನುಲಿ ಹೊಸ ರವಿಕೆ ತೊಟ್ಟು ಹೋದಳು, ಮುಖ ಚಿಕ್ಕದು ಮಾಡಿಕೊಂಡು ಬಂದಳು.

"ಕಾಗದ ಕೇಳ್ತಾರೆ. ಸೋವಿಯತ್ ಬಿದ್ದಮೇಲಿನ ಆ ಕರೆಂಟಿಲ್ಲದ ಚಳಿಗಾಲದಲ್ಲಿ ಕಾವಲುಗಾರ ರಿಜಿಸ್ಟರೆಲ್ಲ ಒಲೆಗೆ ಹಾಕಿದಾನೆ. ನನ್ನ ಸರ್ಟಿಫಿಕೇಟನ್ನೂ ನಾವು ಹಾಗೇ ಸುಟ್ಟ್ವಿ. ಶನಿವಾರ ಕಲ್ಲು ಕೆತ್ತೋನು ಬರ್ತಾನಂತೆ. ಅಷ್ಟರೊಳಗೆ ಪುರಾವೆ ಕೊಡದಿದ್ರೆ ಹೆಸರಿಲ್ಲ."

"ಇದ್ದಿದ್ರೆ ತಾನೇ ಸುಡೋಕೆ," ಎಂದೆ ನಾನು. ಹೌದು, ಅಂದೆ. ನನ್ನ ನಾಲಿಗೆಗೆ ಹುಳ ಬೀಳಲಿ.

ಆ ಗುರುವಾರ ಜುಂಬೆರ್ ಕೊಳದ ಗುತ್ತಿಗೆದಾರನಿಂದ ಒಂದು ಚೀಲ ಗುಜರಿ ತಂದ. ಅದರಲ್ಲಿ ಹನ್ನೆರಡು ಕೊಳವೆಗಳ ಒಂದು ಹಲಗೆಯಿತ್ತು. ಗಿರಾಕಿಯೊಬ್ಬನಿಗೆ ಕಟ್ಟುತ್ತಿದ್ದ ಗಡಿಯಾರಕ್ಕೆ ಎರಡು ಕೊಳವೆ ಕಡಿಮೆ ಬಿದ್ದು ಜುಂಬೆರ್ ತಿಂಗಳಿಂದ ಹುಡುಕುತ್ತಿದ್ದ. ಬಿಸಿಲಿಗೆ ಬೆಳಕು ಕಾಣದೆಂದು ಕೋಟು ಬಿಚ್ಚಿ ತಲೆಯ ಮೇಲೆ ಹೊದ್ದು, ತಂತಿ ಹಿಡಿಯಲು ನನ್ನನ್ನೂ ಒಳಗೆ ಕರೆದ.

ಹಚ್ಚಿದ. "ಥೂ, ಸವೆದುಹೋಗಿವೆ," ಎಂದ. "ಒಂದೇ ಅಕ್ಷರ ವರ್ಷಗಟ್ಟಲೆ ಉರಿದ್ರೆ ಆ ಗೆರೆಗಳು ಮಂಕಾಗ್ತವೆ. ಉಳಿದವು ಹೊಸದರ ಹಾಗೇ ಇರ್ತವೆ. ನೋಡು, ಕೊನೇ ಎರಡು ಉರಿದೇ ಇಲ್ಲ."

ನಾನು ನೋಡಿದೆ. ಹೊಳೆಯುವ ಗೆರೆಗಳ ನಡುವೆ ಮಂಕು ಗೆರೆಗಳು ಕೂಡಿ ಅಕ್ಷರವಾಗಿದ್ದವು. ಶಾಲೆಯಲ್ಲಿ ಕಲಿತ ರಷ್ಯನ್ ಅಕ್ಷರಗಳು. ಒಂದೊಂದಾಗಿ ಓದಿದೆ. ತೊ. ದು. ವಾ. ಪಕ್ಕದಲ್ಲಿ ಅಂಕಿಗಳು: ಒಂದು, ಹನ್ನೆರಡು, ನಾಲ್ಕು. ಅಂದರೆ ಒಂದು ನಿಮಿಷ, ಹನ್ನೆರಡು ಪಾಯಿಂಟ್ ನಾಲ್ಕು ಸೆಕೆಂಡು.

ನಾನು ಅವನ ತೋಳು ಜಗ್ಗಿದೆ.

"ಜುಂಬೆರ್, ಇದು ಟಿಕೆಟ್ ಕಿಟಕಿಯ ಮೇಲಿದ್ದ ದಾಖಲೆ ಹಲಗೆ ಅಲ್ವೇನೋ? ಆದ್ರೆ ಅವಳು ಹದಿನೆಂಟು ಅಂತಾಳೆ, ಇಲ್ಲಿ ಹನ್ನೆರಡಿದೆ. ಮೊದ್ಲೇ ಅವಳಿಗೆ ಹೇಳಿಕೊಡೋಣ."

"ಬಾಯಿ ಮುಚ್ಚು ಲಮಾರಾ. ಹೇಳಿಕೊಟ್ಟ ಮೇಲೆ ಅದೆಂಥ ಸಾಕ್ಷಿ? ಅವಳು ಅವಳ ಮಾತು ಹೇಳಲಿ, ಇದು ಇದರ ಮಾತು ಹೇಳತ್ತೆ."

"ತಾಳೆಯಾಗದಿದ್ರೆ?"

ಅವನು ಹಲಗೆಯನ್ನು ಕೋಟಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಅಣಕಿಸಿದವಳು ನಾನು, ಈಗ ಅವಳಿಗಾಗಿ ಸಂತನಿಗೆ ಮೇಣದಬತ್ತಿ ಹರಕೆ ಹೊತ್ತವಳೂ ನಾನೇ.

ಶುಕ್ರವಾರ ಮೂವರೂ ಕೊಳದ ಕಚೇರಿಗೆ ಹೋದೆವು. "ಹಲಗೆ ಸಿಕ್ಕಿದೆ, ಬಾ" ಎಂದಷ್ಟೇ ಜುಂಬೆರ್ ನನುಲಿಗೆ ಹೇಳಿದ್ದ. ನಿರ್ದೇಶಕಿ ಕೇತೆವಾನ್ ವಯಸ್ಸಿನಲ್ಲಿ ಚಿಕ್ಕವಳು, ಕಟ್ಟುನಿಟ್ಟಿನವಳು. "ನಿಮ್ಮ ಸಮಯ ಎಷ್ಟಮ್ಮ?" ಎಂದು ಕೇಳಿದಳು.

"ಒಂದು ನಿಮಿಷ ಹದಿನೆಂಟು," ಎಂದಳು ನನುಲಿ.

ಜುಂಬೆರ್ ಮೇಜಿನ ಮೇಲೆ ಹಲಗೆಯಿಟ್ಟು ಡಬ್ಬಿಗೆ ಜೋಡಿಸಿದ. ನಿರ್ದೇಶಕಿ ಮೂಗು ಮುರಿಯುತ್ತಲೇ ಅವನ ಕೋಟಿನೊಳಗೆ ತಲೆ ತೂರಿಸಿದಳು. ಬಹಳ ಹೊತ್ತು ಹೊರಬರಲಿಲ್ಲ. ಬಂದಾಗ ಕೂದಲು ಕೆದರಿತ್ತು.

"ಹೆಸರೇನೋ ಇದೆ. ಆದ್ರೆ ಒಂದು ಹನ್ನೆರಡು ನಾಲ್ಕು ಅಂತಿದೆ. ತೊದುವಾ ಅನ್ನೋರು ಊರಲ್ಲಿ ನೂರಾರು ಜನ. ತಮ್ಮ ದಾಖಲೆ ಯಾರಾದ್ರೂ ಮರೀತಾರಾ?"

ನನುಲಿ ಕೋಟಿನೊಳಗೆ ಹೋದಳು. ಅವಳ ಅಗಲವಾದ ಬೆನ್ನು ಅಲ್ಲಾಡುವುದಷ್ಟೇ ಕಾಣುತ್ತಿತ್ತು.

"ಹನ್ನೆರಡೇ," ಎಂದಳು ಒಳಗಿಂದ. "ಹನ್ನೆರಡೂ ನಾಲ್ಕು. ಸೇತುವೆಗೆ ಬಂದ ವರ್ಷ ಹಾಗೇ ಹೇಳಿದ್ದೆ. ನಕ್ರು. ನಂಬಲಿ ಅಂತ ಹದಿನೈದು ಅಂದೆ, ಆಗ್ಲೂ ನಕ್ರು. ಹದಿನೆಂಟು ಅಂದ್ಮೇಲೆ ನಗು ಸ್ವಲ್ಪ ಕಡಿಮೆ ಆಯ್ತು. ಕೊನೆಗೆ ಹದಿನೆಂಟೇ ಇರಬೇಕು ಅಂತ ನನಗೂ ಅನ್ನಿಸಿಬಿಡ್ತಮ್ಮ."

ಯಾರು ನಕ್ಕರೆಂದು ಅವಳು ಹೇಳಲಿಲ್ಲ. ಹೇಳಬೇಕಾದವಳು ನಾನೇ ಎಂದು ಬಾಯಿಬಿಟ್ಟೆ: "ನಕ್ಕೋಳು ನಾನು. ಬಂದ ವರ್ಷ ಅವಳು ಹನ್ನೆರಡು ಅಂದಿದ್ದು ನಿಜ. ಈಗ ನೆನಪಾಗ್ತಿದೆ. ಎಲ್ಲಿ ಬೇಕಾದ್ರೂ ಆಣೆ ಇಟ್ಟು ಹೇಳ್ತೀನಿ."

ಕೇತೆವಾನ್ ನನ್ನನ್ನೂ ಹಲಗೆಯನ್ನೂ ನೋಡಿ, ಕಲ್ಲು ಕೆತ್ತುವವನ ಪಟ್ಟಿಯಲ್ಲಿ ನನುಲಿಯ ಹೆಸರು ಬರೆದಳು.

ಹಲಗೆ ಈಗ ಕೊಳದ ಬಾಗಿಲಲ್ಲಿದೆ. ಜುಂಬೆರ್ ಅದಕ್ಕೊಂದು ಹೊಸ ಸರ್ಕ್ಯೂಟು ಕಟ್ಟಿದ. ಗುಂಡಿ ಒತ್ತಿದರೆ ಅರ್ಧ ನಿಮಿಷ ಮಾತ್ರ ಉರಿಯುತ್ತದೆ, ಉಳಿದ ಗೆರೆಗಳೂ ಸವೆದು ಹೆಸರು ಅಳಿಸಿಹೋಗಬಾರದಲ್ಲ. ಕೊನೆಯ ಎರಡು ಉರಿಯದ ಕೊಳವೆಗಳನ್ನು ಅವನು ಕೀಳಲಿಲ್ಲ. ಗಡಿಯಾರದ ಗಿರಾಕಿ ಇನ್ನೂ ಕಾಯುತ್ತಿದ್ದಾನೆ.

ಮಧ್ಯಾಹ್ನ ಬುಟ್ಟಿ ಬಂದಾಗ ನಾನು ಈಗಲೂ ಕೂಗುತ್ತೇನೆ: "ಎಷ್ಟು ಸೆಕೆಂಡೇ ನನುಲಿ?"

"ಹನ್ನೆರಡೂ ನಾಲ್ಕು," ಎನ್ನುತ್ತಾಳೆ. ಜುಂಬೆರ್ ಆಗ ತಲೆಯೆತ್ತುತ್ತಾನೆ.